ಎಮ್ಮೆ ಹಾಲನ್ನು ಪುಡಿ ಮಾಡಿದ ದಲಾಯಾ: ಈ ಹೆಸರು ಕೇಳಿದ್ದೀರಾ?

ಬೆಳಿಗ್ಗೆ ಆರು ಗಂಟೆಗೆ ಡೇರಿ ಮುಂದೆ ಕ್ಯಾನು ಹಿಡಿದು ಸರದಿಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ಸರದಿ ಬಂದಾಗ ಕಾರ್ಯದರ್ಶಿ, "ಇವತ್ತು ಹಾಲು ಜಾಸ್ತಿಯಾಗಿದೆ, ನಿಮ್ಮದು ಬೇಡ" ಅಂದುಬಿಟ್ಟರೆ? ಹಿಂಡಿದ ಹಾಲನ್ನು ಮತ್ತೆ ಕೆಚ್ಚಲಿಗೆ ತುಂಬಲು ಆಗುವುದಿಲ್ಲ. ಹಿಂಡಿ, ಬೂಸಾಕ್ಕೆ ಹಾಕಿದ ದುಡ್ಡೂ ಹೋಯಿತು.

1950ರ ದಶಕದ ಆರಂಭದಲ್ಲಿ, ಇಂದಿನ ಗುಜರಾತಿನ ಖೇಡಾ ಜಿಲ್ಲೆಯ ರೈತರಿಗೆ ಚಳಿಗಾಲ ಬಂತೆಂದರೆ ಇದೇ ಚಿಂತೆ. ಆ ಚಿಂತೆ ಕಳೆದದ್ದರಲ್ಲಿ ಒಬ್ಬ ಡೇರಿ ಎಂಜಿನಿಯರನ ದೊಡ್ಡ ಪಾಲಿದೆ. ಅವರ ಹೆಸರು ಹರಿಚಂದ್ ಮೇಘಾ ದಲಾಯಾ. ಅಮುಲ್ ಅಂದರೆ ಎಲ್ಲರಿಗೂ ಗೊತ್ತು, ವರ್ಗೀಸ್ ಕುರಿಯನ್ ಅಂದರೆ ಬಹಳ ಜನಕ್ಕೆ ಗೊತ್ತು. ದಲಾಯಾ ಅಂದರೆ?

ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. ಖೇಡಾದ ಹಾಲು ಮುಂಬೈಗೆ ಹೋಗುತ್ತಿತ್ತು. ನಡುವೆ ಪಾಲ್ಸನ್ ಎಂಬ ಖಾಸಗಿ ಕಂಪನಿ ಮತ್ತು ದಲ್ಲಾಳಿಗಳು. ರೈತನ ಕೈಗೆ ಬರುತ್ತಿದ್ದದ್ದು ಪುಡಿಗಾಸು. 1946ರ ಜನವರಿಯಲ್ಲಿ ಸಮರ್ಖಾ ಎಂಬ ಹಳ್ಳಿಯಲ್ಲಿ ರೈತರು ಸಭೆ ಸೇರಿದರು. ಸಂಘ ಕಟ್ಟೋಣ, ಕಂಪನಿಗೆ ಹಾಲು ಹಾಕುವುದು ಬೇಡ ಎಂದು ತೀರ್ಮಾನಿಸಿ ಹದಿನೈದು ದಿನ ಹಾಲು ನಿಲ್ಲಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಖೇಡಾ ಜಿಲ್ಲಾ ಹಾಲು ಒಕ್ಕೂಟ ನೋಂದಣಿಯಾಯಿತು. ಮುಂದೆ ನಿಂತವರು ತ್ರಿಭುವನದಾಸ್ ಪಟೇಲ್. ಎರಡೇ ಹಳ್ಳಿ ಸಂಘ, 247 ಲೀಟರ್ ಹಾಲು, ಅಷ್ಟೇ ಅವರ ಬಂಡವಾಳ.

1949ರಲ್ಲಿ ಕುರಿಯನ್ ಆನಂದ್ ಪಟ್ಟಣಕ್ಕೆ ಬಂದರು. ಅವರು ಡೇರಿ ಪಾಠದ ಮೊದಲ ಅಕ್ಷರ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ, ಬ್ರಿಟಿಷರ ಕಾಲದ ಡೇರಿ ಸಂಸ್ಥೆಯಲ್ಲಿ. ನಂತರ ಅಮೆರಿಕದ ಮಿಶಿಗನ್‌ನಲ್ಲಿ ಓದಿದರು. ಅಲ್ಲಿ ಜೊತೆಯಾದ ಗೆಳೆಯರೇ ದಲಾಯಾ. ಕುರಿಯನ್ ಕರೆದರು, ದಲಾಯಾ ಆನಂದ್‌ಗೆ ಬಂದು ಅಲ್ಲೇ ನಿಂತರು.

ಸಂಘ ಬೆಳೆಯಿತು, ಹಾಲೂ ಬೆಳೆಯಿತು. ಆದರೆ ಎಮ್ಮೆಗಳು ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚು ಹಾಲು ಕೊಡುತ್ತವೆ. ಮುಂಬೈನ ಬೇಡಿಕೆ ಮಾತ್ರ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಹೆಚ್ಚಾದ ಹಾಲನ್ನು ಏನು ಮಾಡುವುದು? ಸದಸ್ಯನ ಹಾಲು ಬೇಡ ಅಂದರೆ ಆತ ಮತ್ತೆ ದಲ್ಲಾಳಿ ಬಾಗಿಲಿಗೆ ಹೋಗುತ್ತಾನೆ, ಸಂಘ ಒಡೆಯುತ್ತದೆ.

ಇದಕ್ಕಿದ್ದ ದಾರಿ ಒಂದೇ: ಹಾಲನ್ನು ಪುಡಿ ಮಾಡಿ ಇಡುವುದು. ಹಸುವಿನ ಹಾಲನ್ನು ಹೊರದೇಶಗಳಲ್ಲಿ ಆಗಲೇ ಪುಡಿ ಮಾಡುತ್ತಿದ್ದರು. ಆದರೆ ಖೇಡಾ ಎಮ್ಮೆಗಳ ನಾಡು. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು 4 ಶೇಕಡಾ ಇದ್ದರೆ ಎಮ್ಮೆಯದರಲ್ಲಿ 7ರ ಆಸುಪಾಸು. ಇಷ್ಟು ಕೊಬ್ಬಿನ ಹಾಲು ಪುಡಿಯಾಗುವುದಿಲ್ಲ ಎಂದು ವಿದೇಶಿ ತಜ್ಞರು ಹೇಳಿಬಿಟ್ಟಿದ್ದರು. ಅವರ ದೇಶಗಳ ಡೇರಿಗಳಲ್ಲಿ ಎಮ್ಮೆ ಇರಲಿಲ್ಲ, ಹಾಗಾಗಿ ಮಾಡಿ ನೋಡುವ ಅಗತ್ಯವೂ ಅವರಿಗೆ ಬಿದ್ದಿರಲಿಲ್ಲ.

ದಲಾಯಾ ಆಗುತ್ತದೆ ಅಂದರು. ಬರೀ ಬಾಯಿಮಾತಲ್ಲ, ಮಾಡಿ ತೋರಿಸಿದರು. ಬಣ್ಣ ಹೊಡೆಯುವ ಒಂದು ಸ್ಪ್ರೇ ಗನ್, ಗಾಳಿ ಬಿಸಿ ಮಾಡುವ ಒಂದು ಹೀಟರ್, ಇಷ್ಟನ್ನೇ ಜೋಡಿಸಿಕೊಂಡರು. ನಾವು ಬೆಳೆಗೆ ಔಷಧಿ ಹೊಡೆಯುವಾಗ ಪಂಪಿನ ತುದಿಯಿಂದ ಮಂಜಿನಂತೆ ಹನಿ ಬರುತ್ತದಲ್ಲ, ಹಾಗೆ ಹಾಲನ್ನು ಬಿಸಿ ಗಾಳಿಗೆ ಸಿಂಪಡಿಸುವುದು. ಹನಿ ಕೆಳಗೆ ಬೀಳುವಷ್ಟರಲ್ಲಿ ನೀರು ಆವಿಯಾಗಿ ಪುಡಿ ಉಳಿಯುತ್ತದೆ. ಎಮ್ಮೆ ಹಾಲು ಪುಡಿಯಾಯಿತು!

ಯಂತ್ರಗಳಿಗೆ ಯುನಿಸೆಫ್ ನೆರವು ಸಿಕ್ಕಿತು. 1955ರ ಅಕ್ಟೋಬರ್ 31ರಂದು ಪ್ರಧಾನಿ ನೆಹರೂ ಆನಂದ್‌ನಲ್ಲಿ ಹೊಸ ಡೇರಿ ಉದ್ಘಾಟಿಸಿದರು. ಎಮ್ಮೆ ಹಾಲನ್ನು ಪುಡಿ ಮಾಡಿದ ಜಗತ್ತಿನ ಮೊದಲ ಕಾರ್ಖಾನೆ ಅದು. ಅಂದಿನಿಂದ ಚಳಿಗಾಲದ ಹಾಲು ಪುಡಿಯಾಗಿ ಗೋದಾಮು ಸೇರಿತು. ಹಾಲು ಕಡಿಮೆಯಾದ ಬೇಸಿಗೆಯಲ್ಲಿ ಅದಕ್ಕೆ ಬೆಲೆ ಬಂತು. ಸಂಘ ತನ್ನ ಸದಸ್ಯನಿಗೆ ವರ್ಷವಿಡೀ "ತನ್ನಿ" ಅನ್ನುವಂತಾಯಿತು.

ಮುಂದೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಮ್ಮೆ ಹಾಲಿನಿಂದಲೇ ಮಕ್ಕಳ ಆಹಾರ ತಯಾರಿಸುವ ವಿಧಾನ ಕಂಡುಹಿಡಿದರು. ಅದನ್ನು ಮಾರುಕಟ್ಟೆಗೆ ತಂದದ್ದೂ ಅಮುಲ್. 

ಗೌರವಗಳೂ ಬಂದವು. 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತ್ರಿಭುವನದಾಸ್ ಪಟೇಲ್, ಕುರಿಯನ್ ಮತ್ತು ಮುಂಬೈ ಹಾಲು ಯೋಜನೆಯ ದಾರಾ ಖುರೋಡಿ ಅವರಿಗೆ ಒಟ್ಟಿಗೆ ಬಂತು. 1989ರಲ್ಲಿ ಕುರಿಯನ್ ಅವರಿಗೆ ವಿಶ್ವ ಆಹಾರ ಪ್ರಶಸ್ತಿ, 1999ರಲ್ಲಿ ಪದ್ಮವಿಭೂಷಣ. ಇವೆಲ್ಲ ಸಲ್ಲಬೇಕಾದವರಿಗೇ ಸಂದವು, ಅದರಲ್ಲಿ ಎರಡು ಮಾತಿಲ್ಲ. ಸಂಘ ಇಲ್ಲದಿದ್ದರೆ ದಲಾಯಾ ಯಂತ್ರಕ್ಕೆ ಕೆಲಸವೇ ಇರುತ್ತಿರಲಿಲ್ಲ. ಆದರೆ ಯಂತ್ರ ಇಲ್ಲದಿದ್ದರೆ ಸಂಘ ಎಷ್ಟು ಚಳಿಗಾಲ ತಾಳುತ್ತಿತ್ತು? ಕುರಿಯನ್ ತಮ್ಮ ಆತ್ಮಕಥೆಯಲ್ಲಿ ಗೆಳೆಯನ ಪಾಲನ್ನು ಮುಚ್ಚಿಡಲಿಲ್ಲ, ಬಿಚ್ಚಿಯೇ ಬರೆದರು. ಮರೆತವರು ನಾವು.

ಪ್ರಶಸ್ತಿ ವೇದಿಕೆಯ ಮೇಲೆ ಕುರ್ಚಿಗಳು ಕಡಿಮೆ. ಊರಿನ ಸನ್ಮಾನದಲ್ಲೂ ಹಾಗೆಯೇ ಅಲ್ಲವೇ? ಹಾರ ಅಧ್ಯಕ್ಷರ ಕೊರಳಿಗೆ ಬೀಳುತ್ತದೆ. ರಾತ್ರಿ ಕರೆಂಟು ಹೋದಾಗ ಎದ್ದು ಬಂದು ಕೂಲರ್ ಸರಿ ಮಾಡಿದವನು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾನೆ.

2013ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯ ಯೋಜನೆಯ ಹಾಲು ಕೊಡುತ್ತಿದ್ದಾರೆ. ಕೆನೆಭರಿತ ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಕಾಯಿಸಿ ಕೊಡುವ ಹಾಲು ಅದು. ನಮ್ಮಲ್ಲಿ ಡೇರಿಗೆ ಬರುವುದು ಹೆಚ್ಚಾಗಿ ಹಸುವಿನ ಹಾಲು. ಆದರೂ ಲೆಕ್ಕ ಆನಂದ್‌ನದ್ದೇ: ರೈತನ ಹೆಚ್ಚುವರಿ ಹಾಲು ಚರಂಡಿಗೆ ಹೋಗಬಾರದು, ಇನ್ನೊಬ್ಬರ ಲೋಟಕ್ಕೆ ಸೇರಬೇಕು. ನಾಳೆ ನಿಮ್ಮ ಮಗು ಶಾಲೆಯಿಂದ ಬಂದು ಹಾಲು ಕುಡಿದೆ ಅಂದಾಗ, ಸ್ಪ್ರೇ ಗನ್ ಹಿಡಿದು ನಿಂತ ದಲಾಯಾ ಕಥೆಯನ್ನು ಒಮ್ಮೆ ಹೇಳಿ.