ಕ್ಯಾಂಡಿಡೇಟ್: ಬೆಳ್ಳುಡೆಯವನು ಬಾಲ್ಟಿಮೋರ್‌ಗೆ ಬಂದದ್ದು

ಚುನಾವಣೆ ಬಂತೆಂದರೆ 'ಕ್ಯಾಂಡಿಡೇಟ್ ಯಾರಂತೆ?' ಎಂಬ ಪ್ರಶ್ನೆ ಹಳ್ಳಿಕಟ್ಟೆಗೂ ಬರುತ್ತದೆ. ಈ ಪದದ ಒಳಗಿರುವುದು ಒಂದು ಬಣ್ಣ. ಲ್ಯಾಟಿನ್ನಿನಲ್ಲಿ 'ಕ್ಯಾಂಡಿಡಸ್' ಎಂದರೆ ಹೊಳೆಯುವ ಬಿಳುಪು. ರೋಮಿನಲ್ಲಿ ಅಧಿಕಾರಸ್ಥಾನ ಬಯಸಿದವನು ತನ್ನ ಟೋಗಾಕ್ಕೆ ಸೀಮೆಸುಣ್ಣ ತೀಡಿ, ಜನ ಸೇರುವಲ್ಲಿ ತಿರುಗಾಡಿ, ಕೈಹಿಡಿದು ಮತ ಬೇಡುತ್ತಿದ್ದ. ಅವನೇ 'ಕ್ಯಾಂಡಿಡಾಟಸ್', ಬೆಳ್ಳುಡೆಯವನು. ಮತಕ್ಕಾಗಿ ಹೀಗೆ ಬಟ್ಟೆ ಬೆಳ್ಳಗಾಗಿಸಬಾರದೆಂದು ಕ್ರಿ.ಪೂ. 432ರಲ್ಲಿ ಕಾನೂನೇ ಬಂತೆಂದು ಇತಿಹಾಸಕಾರ ಲಿವಿ ಹೇಳುತ್ತಾನೆ. ಆದರೂ ಆ ಬಿಳುಪು ಅಳಿಯದೆ ಪದವಾಗಿ ಉಳಿಯಿತು. 'ಕ್ಯಾಂಡಲ್' ಇದರ ಬಂಧು. ಸಂಸ್ಕೃತದ 'ಚಂದ್ರ'ನೂ ಇದೇ ಬೇರಿನವನೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ.

ಕನ್ನಡಕ್ಕೆ ಬಂದರೆ ಬಣ್ಣ ಮರೆಯಾಗಿ ಬೇಡಿಕೆ ಮುಂದೆ ನಿಲ್ಲುತ್ತದೆ. 'ಅಭ್ಯರ್ಥಿ' ಎಂದರೆ ಬೇಡುವವನು. 'ಪ್ರಾರ್ಥನೆ'ಯಲ್ಲಿರುವುದೂ ಅದೇ ಧಾತು. ಪಾರಸಿಯಿಂದ ಬಂದ 'ಉಮೇದುವಾರ' ಆಸೆ ಇಟ್ಟುಕೊಂಡವನು. ಪತ್ರಿಕೆಗಳು ಮೆಚ್ಚುವ 'ಹುರಿಯಾಳು' ಮಾತ್ರ ಬೇಡುವುದಿಲ್ಲ, ಕಾದುತ್ತಾನೆ. ನನಗೆ 'ಅಭ್ಯರ್ಥಿ'ಯೇ ಸರಿಯೆನಿಸುತ್ತದೆ. ಯಾರನ್ನು ಬೇಡಬೇಕು ಎಂಬ ಪ್ರಶ್ನೆಯನ್ನು ಅದು ಬಿಟ್ಟುಕೊಡುವುದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಗೆ ಹೊಸ ಉತ್ತರ ಕೊಟ್ಟದ್ದು ಒಂದು ಸಣ್ಣ ಪಕ್ಷ. ಅಲ್ಲಿಯವರೆಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಹೆಚ್ಚಾಗಿ ಸಂಸತ್ತಿನ ಸದಸ್ಯರೇ ಬಾಗಿಲು ಮುಚ್ಚಿಕೊಂಡು ಆರಿಸುತ್ತಿದ್ದರು. 1826ರಲ್ಲಿ ನ್ಯೂಯಾರ್ಕಿನ ವಿಲಿಯಂ ಮಾರ್ಗನ್ ಎಂಬಾತ ಮೇಸನ್ನರೆಂಬ ಗುಪ್ತಸಂಘದವರ ಗುಟ್ಟು ಬಯಲು ಮಾಡಲು ಹೊರಟು ಕಣ್ಮರೆಯಾದ. ಜನರ ಸಿಟ್ಟಿನಿಂದ ಆ್ಯಂಟಿ-ಮೇಸಾನಿಕ್ ಪಕ್ಷ ಹುಟ್ಟಿತು. ಸಂಸತ್ತಿನಲ್ಲಿ ಅದಕ್ಕಿದ್ದ ಬಲ ಅಲ್ಪ; ಗುಪ್ತಸಭೆಗಳ ವಿರುದ್ಧವೇ ಹುಟ್ಟಿದ ಪಕ್ಷಕ್ಕೆ ಮುಚ್ಚಿದ ಬಾಗಿಲು ಒಗ್ಗುವಂತೆಯೂ ಇರಲಿಲ್ಲ. ಹಾಗಾಗಿ 1831ರ ಸೆಪ್ಟೆಂಬರಿನಲ್ಲಿ ರಾಜ್ಯ ರಾಜ್ಯಗಳ ಪ್ರತಿನಿಧಿಗಳು ಬಾಲ್ಟಿಮೋರ್‌ನಲ್ಲಿ ಕೂಡಿ ವಿಲಿಯಂ ವರ್ಟ್‌ನನ್ನು ಆರಿಸಿದರು. ಹನ್ನೆರಡು ವರ್ಷ ಅಟಾರ್ನಿ ಜನರಲ್ ಆಗಿದ್ದ ವರ್ಟ್, ತಾನು ಹಿಂದೆ ಮೇಸನ್ ಆಗಿದ್ದೆನೆಂದು ಮುಚ್ಚಿಡದೆ ಹೇಳಿಯೇ ಒಪ್ಪಿಕೊಂಡ. 1832ರ ಚುನಾವಣೆಯಲ್ಲಿ ಅವನು ಗೆದ್ದದ್ದು ವರ್ಮಾಂಟ್ ರಾಜ್ಯವೊಂದನ್ನೇ, 7 ಎಲೆಕ್ಟೋರಲ್ ಮತ. ಪಕ್ಷ ಬಹುಕಾಲ ಬಾಳಲಿಲ್ಲ. ಆದರೆ ದೊಡ್ಡ ಪಕ್ಷಗಳೆರಡೂ ಕೆಲವೇ ತಿಂಗಳಲ್ಲಿ ಅದೇ ಊರಿನಲ್ಲಿ ತಮ್ಮ ಅಧಿವೇಶನ ನಡೆಸಿದವು. ಇಷ್ಟು ದೊಡ್ಡ ಪದ್ಧತಿಯನ್ನು ಇಷ್ಟು ಚಿಕ್ಕ ಪಕ್ಷ ಬಿಟ್ಟುಹೋದದ್ದು ನನಗೆ ಇಂದಿಗೂ ಬೆರಗು.

ದೊಡ್ಡ ಪಕ್ಷಗಳಲ್ಲಿ ಈಗ ಸಾಮಾನ್ಯವಾಗಿ ಅಧಿವೇಶನಕ್ಕೆ ಮೊದಲೇ, ಪ್ರೈಮರಿ ಎಂಬ ಒಳಚುನಾವಣೆಗಳಲ್ಲಿ, ಹೆಸರು ತೀರ್ಮಾನವಾಗಿರುತ್ತದೆ. ನಿಜವಾದ ಆಯ್ಕೆ ಉಳಿದಿರುವುದು ಲಿಬರ್ಟೇರಿಯನ್ ಪಕ್ಷದಂಥ ಸಣ್ಣ ಪಕ್ಷಗಳಲ್ಲಿ. ಅಲ್ಲಿ ಪ್ರತಿನಿಧಿಗಳು ಸುತ್ತಿನ ಮೇಲೆ ಸುತ್ತು ಮತ ಹಾಕುತ್ತಾರೆ, ಹಿಂದುಳಿದವರು ಉದುರುತ್ತಾರೆ. ಮತಪಟ್ಟಿಯಲ್ಲಿ 'ಇವರಾರೂ ಅಲ್ಲ' ಎಂಬುದೂ ಇರುತ್ತದೆ. ನಮ್ಮಲ್ಲಿ 2013ರಿಂದ ಇರುವ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಮುಂದಿರುವವನೇ ಗೆಲ್ಲುತ್ತಾನೆ. ಲಿಬರ್ಟೇರಿಯನ್ನರಲ್ಲಿ ಅದು ಗೆದ್ದರೆ ಆ ಸ್ಥಾನಕ್ಕೆ ಪಕ್ಷದಿಂದ ಯಾರೂ ಇಲ್ಲ. 2024ರಲ್ಲಿ ವಾಷಿಂಗ್ಟನ್‌ನಲ್ಲಿ ಏಳನೆಯ ಸುತ್ತಿಗೆ ಚೇಸ್ ಆಲಿವರ್ ಒಬ್ಬನೇ ಉಳಿದ. ಆಗಲೂ ಆ ಖಾಲಿ ಹೆಸರಿನ ಎದುರು ನಿಂತು ಮತ ಬೇಡಬೇಕಾಯಿತು. ಸುಮಾರು ಶೇ 60 ಮತ ಬಿದ್ದ ಮೇಲೆಯೇ ಅವನು ಅಭ್ಯರ್ಥಿಯಾದದ್ದು.