ಕಾವಲಿಗೇ ಒಂದು ಕಾವಲು

ಉತ್ತರ ಧ್ರುವದಿಂದ ಸುಮಾರು 1,500 ಕಿ.ಮೀ. ದೂರದ ವಾಯವ್ಯ ಗ್ರೀನ್‌ಲ್ಯಾಂಡಿನ ಕಡಲ ತಡಿಗೆ 1951ರ ಬೇಸಿಗೆಯಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಹಡಗುಗಳು ಬಂದವು, ಜೊತೆಗೆ ಸುಮಾರು 12,000 ಜನ. ಡೆನ್ಮಾರ್ಕಿನೊಂದಿಗೆ ರಕ್ಷಣಾ ಒಪ್ಪಂದವಾಗಿ ಮೂರು ತಿಂಗಳೂ ಕಳೆದಿರಲಿಲ್ಲ. ‘ಆಪರೇಷನ್ ಬ್ಲೂ ಜೇ’ ಎಂಬ ಆ ಗುಟ್ಟಿನ ಕಾಮಗಾರಿಯಿಂದ ಎದ್ದದ್ದೇ ಥೂಲೆ ವಾಯುನೆಲೆ. ಕಟ್ಟಡಗಳ ಬಿಸಿಗೆ ಹೆಪ್ಪುಗಟ್ಟಿದ ನೆಲ ಕರಗಿ ಕುಸಿಯಬಾರದೆಂದು ಅವುಗಳನ್ನು ನೆಲಕ್ಕೆ ತಾಗದಂತೆ ಎತ್ತರಿಸಿ ಕಟ್ಟಿದರು.

ಆ ಮೂಲೆಯೇ ಏಕೆ? ಸೋವಿಯತ್ ನೆಲದಿಂದ ಅಮೆರಿಕಕ್ಕೆ ಹತ್ತಿರದ ಹಾದಿ ಉತ್ತರದ ಹಿಮದ ಮೇಲೆಯೇ ಸಾಗುತ್ತದೆ. ಮೊದಮೊದಲು ಬಾಂಬರ್‌ಗಳಿಗೂ ಇಂಧನ ತುಂಬುವ ಟ್ಯಾಂಕರ್ ವಿಮಾನಗಳಿಗೂ ಇದು ತಂಗುದಾಣವಾಗಿತ್ತು. ಖಂಡಾಂತರ ಕ್ಷಿಪಣಿಗಳು ಬಂದ ಮೇಲೆ ನೆಲೆಯ ಬೆಲೆ ರನ್‌ವೇಯಿಂದ ರಾಡಾರ್‌ಗೆ ಸರಿಯಿತು. ಆ ರಾಡಾರ್ ಶುರುವಿನಲ್ಲೇ ಎಡವಿತು. 1960ರ ಅಕ್ಟೋಬರ್ 5ರಂದು ಅದು ಕ್ಷಿಪಣಿ ದಾಳಿಯ ಎಚ್ಚರಿಕೆ ಕೊಟ್ಟಿತು. ಅದಕ್ಕೆ ಕಂಡಿದ್ದು ಮೂಡುತ್ತಿದ್ದ ಚಂದ್ರ! ಸೋವಿಯತ್ ನಾಯಕ ಕ್ರುಶ್ಚೇವ್ ಆಗ ನ್ಯೂಯಾರ್ಕಿನಲ್ಲೇ ಇದ್ದುದರಿಂದ ದಾಳಿಯ ಮಾತನ್ನು ನಂಬುವುದು ಕಷ್ಟವಾಗಿತ್ತು.

ಇನ್ನೊಂದು ತಲೆನೋವು. ರಾಡಾರ್ ಕೇಂದ್ರದ ಸಂಪರ್ಕ ಕಡಿದುಹೋದರೆ ಕೆಟ್ಟಿರುವುದು ತಂತಿಯೋ, ಶತ್ರು ನೆಲೆಯನ್ನೇ ಉಡಾಯಿಸಿದ್ದಾನೋ? ಅದನ್ನು ಕಣ್ಣಾರೆ ನೋಡಿ ಹೇಳಲು ಅಣುಬಾಂಬ್ ಹೊತ್ತ ಬಿ-52 ವಿಮಾನಗಳು ನೆಲೆಯ ಮೇಲೆ ಸುತ್ತುತ್ತಿದ್ದವು. ಕಾವಲುಗಾರನನ್ನು ಕಾಯುವ ಈ ಏರ್ಪಾಡೇ ನೆಲೆಗೆ ಅತಿ ದೊಡ್ಡ ಅಪಾಯ ತಂದಿತು. 1968ರ ಜನವರಿ 21ರಂದು ಬಿಸಿಗಾಳಿಯ ಕಿಂಡಿಯ ಬಳಿ ಇಟ್ಟಿದ್ದ ಸೀಟಿನ ದಿಂಬುಗಳಿಗೆ ಬೆಂಕಿ ಹತ್ತಿ, ನಾಲ್ಕು ಹೈಡ್ರೋಜನ್ ಬಾಂಬುಗಳ ಸಮೇತ ಅಂಥದೊಂದು ವಿಮಾನ ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಬಿತ್ತು. ಏಳು ಜನರಲ್ಲಿ ಒಬ್ಬ ಸತ್ತ. ಅಣುಸ್ಫೋಟ ಆಗಲಿಲ್ಲ, ಆದರೆ ಪ್ಲುಟೋನಿಯಂ ಚೆದುರಿತು. ಕಲುಷಿತ ಹಿಮವನ್ನು ಕೆರೆದು ಟ್ಯಾಂಕುಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಬೇಕಾಯಿತು. ಅಣ್ವಸ್ತ್ರ ಹೊತ್ತು ಸದಾ ಹಾರಾಡುವ ಪದ್ಧತಿಯೂ ಅಲ್ಲಿಗೆ ನಿಂತಿತು. ತನ್ನ ನೆಲದಲ್ಲಿ ಅಣ್ವಸ್ತ್ರ ಬೇಡವೆಂದು ಡೆನ್ಮಾರ್ಕ್ 1957ರಲ್ಲೇ ಸಾರಿತ್ತು. ಅದರ ಪ್ರಧಾನಿ ಮಾತ್ರ ಅದೇ ವರ್ಷ ಒಳಗೊಳಗೇ ಕಣ್ಣುಮುಚ್ಚಿ ಕುಳಿತಿದ್ದರೆಂಬುದು 1995ರಲ್ಲಿ ಬಯಲಾಯಿತು.

2023ರಿಂದ ನೆಲೆಯ ಹೆಸರು ಪಿಟುಫಿಕ್ ಬಾಹ್ಯಾಕಾಶ ನೆಲೆ. 12ನೇ ಬಾಹ್ಯಾಕಾಶ ಎಚ್ಚರಿಕೆ ಸ್ಕ್ವಾಡ್ರನ್ ಕ್ಷಿಪಣಿಗಳ ಮೇಲೆ ಕಣ್ಣಿಟ್ಟರೆ, 23ನೇ ಸ್ಕ್ವಾಡ್ರನ್ನಿನ ತುಕಡಿಯೊಂದು ಉಪಗ್ರಹಗಳ ಸಂಪರ್ಕ ನೋಡಿಕೊಳ್ಳುತ್ತದೆ. ವಿಮಾನ ನಿಲ್ದಾಣ, ಬಂದರುಗಳ ದೈನಂದಿನ ಉಸ್ತುವಾರಿ 821ನೇ ಗ್ರೂಪಿನದು.

1953ರಲ್ಲಿ ಇದೇ ನೆಲೆಗಾಗಿ ಎತ್ತಂಗಡಿಯಾದ ಇನುಘುಯಿಟ್ ಬೇಟೆಗಾರ ಕುಟುಂಬಗಳು ನೂರಕ್ಕೂ ಹೆಚ್ಚು ಕಿ.ಮೀ. ಉತ್ತರದ ಕಾನಾಕ್‌ನಲ್ಲಿ ನೆಲೆಸಿದವು. 2003ರಲ್ಲಿ ಡೆನ್ಮಾರ್ಕಿನ ಸುಪ್ರೀಂ ಕೋರ್ಟ್ ಅವರ ಪರಿಹಾರವನ್ನು ಎತ್ತಿಹಿಡಿಯಿತು. ಮರಳುವ ಹಕ್ಕನ್ನು ಮಾತ್ರ ಕೊಡಲಿಲ್ಲ.