ದಿಟ್ಟನೋ, ಉದ್ಧಟನೋ?

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರ ಮಾತೃಭಾಷೆ ಜರ್ಮನ್. 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಜನಿಸಿದ ಅವರು, 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಭಾರತಕ್ಕೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಬೃಹತ್ ನಿಘಂಟಿನಲ್ಲಿ ಕನ್ನಡ ಶಬ್ದಗಳಿಗೆ ಅರ್ಥ ಬರೆದದ್ದು ಮಾತ್ರ ಇಂಗ್ಲಿಷಿನಲ್ಲಿ. ಎರಡೂ ಅವರಿಗೆ ಕಲಿತ ಭಾಷೆಗಳೇ. ‘ದಿಟ್ಟ’, ‘ಉದ್ಧಟ’, ‘ಸೊಕ್ಕು’ ಮುಂತಾದ ಶಬ್ದಗಳೆದುರು ಅವರ ಮನಸ್ಸಿನಲ್ಲಿ ತಮ್ಮ ಮನೆಮಾತಿನ ‘ಫ್ರೆಖ್’ ಸುಳಿದಿರಲಾರದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. (ಇದು ಕೇವಲ ನನ್ನ ಊಹೆ.)

ಜರ್ಮನ್ ತಾಯಿ ಎದುರುತ್ತರ ಕೊಡುವ ಮಗನಿಗೆ ‘ಫ್ರೆಖ್’ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ‘ಚೀಕಿ’ ಎಂದರೆ ಅದರ ತುಂಟತನ ಬಂದೀತು, ಸಿಟ್ಟು ಬಾರದು. ‘ಇಂಪ್ಯುಡೆಂಟ್’ ಎಂದರೆ ಸಿಟ್ಟು ಉಳಿದು ನಗು ಹೋಗುತ್ತದೆ. ಪ್ರಾಚೀನ ಜರ್ಮನ್ನಿನಲ್ಲಿ ಆ ಶಬ್ದಕ್ಕೆ ದುರಾಸೆಯ ಅರ್ಥವಿತ್ತು. ಬಳಿಕ ಕಾದಾಟಕ್ಕೆ ಹಿಂಜರಿಯದ ಶೂರ ಎಂದಾಯಿತು. ಕೊನೆಗೆ ಮರ್ಯಾದೆ ಮೀರಿದವನೆಂಬಲ್ಲಿಗೆ ಇಳಿಯಿತು. ಅಮೆರಿಕದವರು ಅಧಿಕಪ್ರಸಂಗಿಯನ್ನು ‘ಫ್ರೆಶ್’ ಎನ್ನುವುದರ ಹಿಂದೆಯೂ ಈ ಜರ್ಮನ್ ಶಬ್ದದ ನೆರಳಿದೆಯೆಂದು ನಿಘಂಟುಕಾರರು ಭಾವಿಸುತ್ತಾರೆ.

ನಮ್ಮಲ್ಲಿ ನಡೆದದ್ದು ಇದಕ್ಕೆ ವಿಲೋಮ. ‘ದಿಟ್ಟ’ ಸಂಸ್ಕೃತದ ‘ಧೃಷ್ಟ’ದ ತದ್ಭವ. ಅಲಂಕಾರಶಾಸ್ತ್ರದ ನಾಲ್ಕು ಬಗೆಯ ನಾಯಕರಲ್ಲಿ ಧೃಷ್ಟನೂ ಒಬ್ಬ: ಪರಸ್ತ್ರೀಸಂಗ ಬಯಲಾದರೂ ನಾಚದೆ ನಾಯಿಕೆಯೆದುರು ನಿಲ್ಲುವವನು! ಅಂಥ ನಿರ್ಲಜ್ಜನ ಹೆಸರು ಕನ್ನಡಕ್ಕೆ ಬಂದು ಶುದ್ಧ ಪ್ರಶಂಸೆಯಾಯಿತು. ಬೈಗುಳದ ಕೆಲಸವನ್ನು ಬೇರೆ ಮಾತುಗಳು ವಹಿಸಿಕೊಂಡವು. ‘ಸೊಕ್ಕು’ ಎಂದರೆ ಮೂಲತಃ ಅಮಲು, ‘ಕೊಬ್ಬು’ ಮೈಯ ನೆಣ. ತಲೆಗೇರಿದ್ದೋ ಮೈಗೇರಿದ್ದೋ ಎಂಬುದಷ್ಟೇ ಭೇದ. ‘ಫ್ರೆಖ್’ಗೆ ಅತಿ ಸಮೀಪದ್ದು ‘ಅಧಿಕಪ್ರಸಂಗ’ವೆಂದೇ ನನ್ನ ಅಭಿಪ್ರಾಯ. ಬೇಗಾರಿನ ಕಡೆ ಅಜ್ಜಂದಿರು ಹಾಗೆಂದು ಗದರಿ, ಬೆನ್ನು ತಿರುಗಿಸಿ ನಗುತ್ತಿದ್ದರು.

ಆದರೆ ಯಾರಿಗೆ ಯಾವ ಶಬ್ದವೆಂಬುದನ್ನು ಯಾವಾಗಲೂ ಗುಣವೇ ನಿರ್ಧರಿಸುತ್ತಿರಲಿಲ್ಲ. ತರಗತಿಯಲ್ಲಿ ಒಂದೇ ಪ್ರಶ್ನೆಯನ್ನು ಅಡಿಕೆ ತೋಟದ ಯಜಮಾನರ ಮಗ ಕೇಳಿದರೆ ‘ಚುರುಕು ಹುಡುಗ’. ಅದೇ ತೋಟದ ಆಳಿನ ಮಗ ಕೇಳಿದರೆ ‘ಎಷ್ಟು ಸೊಕ್ಕು ನೋಡಿ!’. ಹುಡುಗಿ ಕೇಳಿದಳೋ, ‘ಬಾಯಿ ಜೋರು’. ಅಧ್ಯಾಪಕರ ಕೊಠಡಿಯಲ್ಲಿ ಈ ಮೂರನ್ನೂ ಒಂದೇ ದಿನ ಕೇಳಿದ್ದೇನೆ. ಪ್ರಶ್ನೆ ಏನಿತ್ತೆಂದು ವಿಚಾರಿಸಿದರೆ ಹೇಳಿದವರಿಗೇ ನೆನಪಿರುತ್ತಿರಲಿಲ್ಲ.